ಒಲಿಂಪಿಯಾಕ್ಕೆ ಕಳಿಸಿದ ಹೇಳಿಕೆ

ಶರ್ವಾಣಿ ಸ್ಕ್ಯಾನಿಗೆ ಬಂದದ್ದು ಜನವರಿಯ ಒಂದು ಬುಧವಾರ ಬೆಳಿಗ್ಗೆ. ಹದಿನಾರು ವಾರದ ಗರ್ಭಿಣಿ, ಎರಡು ದಿನದಿಂದ ಸ್ವಲ್ಪ ರಕ್ತ ಕಾಣಿಸಿಕೊಂಡಿದೆ, ಈಗಾಗಲೇ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದು ಕಂಪ್ಯೂಟರಿನ ತೆರೆಯ ಮೇಲಿತ್ತು. ಊರು ಸಿಯಾಟಲ್ ಹತ್ತಿರದ ಇಸ್ಸಾಕ್ವಾ. ಜೊತೆಗೆ ಅತ್ತೆ ಚಿಕ್ಕತಾಯಮ್ಮ ಬಂದಿದ್ದರು. ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮೂಲೆಯ ಕುರ್ಚಿಯಲ್ಲಿ ಕೂತರು.

ಪೂರ್ಣಿಮಾ ಹತ್ತಿರದ ಊರು ಬಾಥೆಲ್‌ನ ಆ ಹೆಂಗಸರ ಕ್ಲಿನಿಕ್ಕಿನಲ್ಲಿ ಆರು ವರ್ಷದಿಂದ ಸ್ಕ್ಯಾನ್ ಮಾಡುತ್ತಿದ್ದಳು. ಅವಳ ಎದೆಯ ಮೇಲಿನ ಹೆಸರು ಓದಿ ಶರ್ವಾಣಿಯೇ ಕೇಳಿದಳು, "ಕನ್ನಡದವರಾ?"

"ಹೌದು, ನಾಗಮಂಗಲದ ಕಡೆ. ಓದಿದ್ದು, ಮೊದಲು ಕೆಲಸ ಮಾಡಿದ್ದು ಎಲ್ಲ ಮೈಸೂರಲ್ಲಿ."

"ಹಂಗಾರೆ ನಮ್ಮೋರೇ ಬುಡು," ಎಂದರು ಚಿಕ್ಕತಾಯಮ್ಮ. "ನಮ್ದು ಮಳವಳ್ಳಿ ಕಣವ್ವ."

ಮಗುವಿನ ಹೃದಯ ಬಡಿಯುತ್ತಿತ್ತು. ರಕ್ತಸ್ರಾವಕ್ಕೆ ಗಾಬರಿಯಾಗುವಂಥ ಕಾರಣ ಕಾಣಲಿಲ್ಲ. ಮಗು ಮುದುರಿಕೊಂಡು ಮಲಗಿದ್ದರಿಂದ ಹೃದಯದ ನಾಲ್ಕು ಕೋಣೆಗಳು ಒಟ್ಟಿಗೆ ಸಿಗುವ ಚಿತ್ರಕ್ಕಾಗಿ ಪೂರ್ಣಿಮಾ ಮೂರು ಸಲ ಪ್ರಯತ್ನಿಸಿದಳು. ಶರ್ವಾಣಿಯನ್ನು ಎಡಕ್ಕೆ ಹೊರಳಿಸಿ ಇನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಮೂಲೆಯಿಂದ ಮಾತು ಬಂತು.

"ಏನಂತೆ ತಾಯಿ?"

ಪೂರ್ಣಿಮಾಳ ಕೈ ನಿಂತಿತು. ಶರ್ವಾಣಿ ತಲೆ ತಿರುಗಿಸದೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು, ಅವರ ಮುಂದೆ ಬೇಡ, ಪ್ಲೀಸ್.

"ಎಲ್ಲಾ ಡಾಕ್ಟರ್ ಹೇಳ್ತಾರಮ್ಮ," ಎಂದಳು ಪೂರ್ಣಿಮಾ. ಚಿಕ್ಕತಾಯಮ್ಮ ಮುಂದೆ ಕೇಳಲಿಲ್ಲ. ಆದರೆ ತೆರೆಯಿಂದ ಕಣ್ಣನ್ನೂ ತೆಗೆಯಲಿಲ್ಲ. ಸ್ಕ್ಯಾನ್ ಮುಗಿದು ಅವರು ಬಚ್ಚಲಿಗೆ ಹೋದಾಗ ಶರ್ವಾಣಿ ಕೇಳಿದಳು, "ಈಗ ಹೇಳಿ. ಗೊತ್ತಾಯ್ತಾ?"

"ಹೆಣ್ಣು."

ಶರ್ವಾಣಿ ಚಾವಣಿ ನೋಡಿದಳು. "ಓಕೆ," ಎಂದಳು. ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಂಡು ಎದ್ದಳು.

ಅವರು ಹೋದ ಮೇಲೆ ಪೂರ್ಣಿಮಾ ತನ್ನ ವರದಿ ತುಂಬಿ ಡಾಕ್ಟರಿಗೆ ಕಳಿಸಿದಳು. ಬೆರಳುಗಳು ದಿನವೂ ಮಾಡುವ ಕೆಲಸ. ಮನಸ್ಸು ಮಾತ್ರ ಮೂಲೆಯ ಕುರ್ಚಿಯಲ್ಲಿತ್ತು.

ಆ ಪ್ರಶ್ನೆ ಅವಳಿಗೆ ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ ಮೈಸೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವಳು ದಿನಕ್ಕೆ ಹತ್ತು ಸಲ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಭ್ರೂಣದ ಲಿಂಗ ತಿಳಿಸುವುದು ಶಿಕ್ಷಾರ್ಹ ಅಪರಾಧವೆಂದು ಗೋಡೆಯ ಮೇಲೆ ದೊಡ್ಡ ಬೋರ್ಡಿತ್ತು. ಡಾಕ್ಟರು ಎಂದೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೆಲವರಿಗೆ ಮಾತ್ರ, ಸ್ಕ್ಯಾನ್ ಮುಗಿದ ಮೇಲೆ, "ನೀರು ಚೆನ್ನಾಗಿ ಕುಡೀರಿ" ಅನ್ನುತ್ತಿದ್ದರು. ಇನ್ನು ಕೆಲವರಿಗೆ "ಸ್ವಲ್ಪ ರೆಸ್ಟ್ ತಗೊಳ್ಳಿ" ಅನ್ನುತ್ತಿದ್ದರು. ರೆಸ್ಟ್ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದಿನ ಸ್ಕ್ಯಾನಿಗೆ ಬರುವುದಿಲ್ಲವೆಂದು ಪೂರ್ಣಿಮಾಳಿಗೆ ಹೊಳೆಯಲು ಒಂದೂವರೆ ವರ್ಷ ಹಿಡಿಯಿತು. ಹೊಳೆದ ಮೇಲೂ ಅವಳು ಎಂಟು ತಿಂಗಳು ಅಲ್ಲಿಯೇ ಇದ್ದಳು. ಹೆಂಗಸರ ಹೊಟ್ಟೆಗೆ ಜೆಲ್ ಹಚ್ಚಿದ್ದು, ಫಾರಂ ತುಂಬಿದ್ದು, ಮುಂದಿನವರ ಹೆಸರು ಕೂಗಿದ್ದು ಅವಳೇ. ಯಾರಿಗೂ ಹೇಳಲಿಲ್ಲ. ಮದುವೆಯಾಗಿ ಊರು ಬಿಡುವಾಗ ಅದೇ ಡಾಕ್ಟರು ಬೆಳ್ಳಿಯ ಕುಂಕುಮದ ಬಟ್ಟಲು ಉಡುಗೊರೆ ಕೊಟ್ಟರು. ಅದನ್ನೂ ತೆಗೆದುಕೊಂಡಳು.

ಜನವರಿಯ ಕೊನೆಯಲ್ಲಿ, ಮುಂದಿನ ವಾರದ ಪಟ್ಟಿ ನೋಡುವಾಗ, ಶರ್ವಾಣಿಯ ಇಪ್ಪತ್ತನೇ ವಾರದ ಸ್ಕ್ಯಾನ್ ರದ್ದಾಗಿತ್ತು. ಮಾರ್ಚಿನದ್ದೂ, ಏಪ್ರಿಲಿನದ್ದೂ ರದ್ದಾಗಿದ್ದವು. ಹೆಸರನ್ನು ಒತ್ತಿದರೆ ಫೈಲ್ ತೆರೆದುಕೊಳ್ಳುತ್ತದೆ, ಕಾರಣ ಅಲ್ಲಿರುತ್ತದೆ. ಆದರೆ ಕೆಲಸವಿಲ್ಲದೆ ಫೈಲ್ ನೋಡುವುದು ತಪ್ಪು, ಯಾರು ಎಷ್ಟು ಹೊತ್ತಿಗೆ ನೋಡಿದರೆಂಬುದು ದಾಖಲಾಗುತ್ತದೆ. ಅದರಲ್ಲೂ ಆ ಕ್ಲಿನಿಕ್ಕಿನಲ್ಲಿ ಎಲ್ಲರೂ ಎಚ್ಚರವಾಗಿದ್ದರು. ಪಕ್ಕದ ರಾಜ್ಯ ಐಡಹೋದಲ್ಲಿ ಗರ್ಭಪಾತಕ್ಕೆ ನಿಷೇಧ ಬಂದ ಮೇಲೆ ಅಲ್ಲಿಂದಲೂ ಹೆಂಗಸರು ಬರುತ್ತಿದ್ದರು. ರೋಗಿಯ ಅಕ್ಕ, ತಾಯಿ ಎಂದು ಹೇಳಿಕೊಂಡು ಯಾರ್‍ಯಾರೋ ಫೋನ್ ಮಾಡಿ ವಿಚಾರಿಸುತ್ತಿದ್ದರು. ಎದುರಿನ ಫುಟ್‌ಪಾತಿನಲ್ಲಿ ನೀಲಿ ಟೋಪಿಯ ಹೆಂಗಸೊಬ್ಬಳು ವಾರಕ್ಕೆರಡು ದಿನ ಗರ್ಭಪಾತ ವಿರೋಧಿ ಫಲಕ ಹಿಡಿದು ನಿಂತು, ಒಳಗೆ ಬರುವ ಕಾರುಗಳನ್ನು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದಳು.

ಪೂರ್ಣಿಮಾ ಫೈಲ್ ತೆರೆಯಲಿಲ್ಲ. ತೆರೆಯದೇ ಇದ್ದದ್ದಕ್ಕೆ ತನ್ನ ಬಗ್ಗೆ ಒಂದಿಷ್ಟು ಸಮಾಧಾನವನ್ನೂ ಪಟ್ಟುಕೊಂಡಳು.

ಆ ಭಾನುವಾರ ದೇವಸ್ಥಾನದಿಂದ ಬರುತ್ತ ಇಂಡಿಯನ್ ಅಂಗಡಿಗೆ ಹೋದಾಗ, ಫ್ರೀಜರಿನ ಬಾಗಿಲು ತೆರೆದುಕೊಂಡು ಅವರೆಕಾಳಿನ ಪ್ಯಾಕೆಟ್ ಹುಡುಕುತ್ತ ಚಿಕ್ಕತಾಯಮ್ಮ ನಿಂತಿದ್ದರು.

"ಚೆನ್ನಾಗಿದೀರಾಮ್ಮ? ಸೊಸೆ ಹೇಗಿದಾರೆ?"

ಅವರು ಗುರುತು ಹಿಡಿದರು. ಹಿಡಿದ ಕೂಡಲೇ ಅತ್ತಿತ್ತ ನೋಡಿದರು. "ಅವ್ಳು ಬಂದಿಲ್ಲ ಕಣವ್ವ. ಮನೇಲವ್ಳೆ."

"ಮಗು?"

"ನಿಲ್ನಿಲ್ಲ." ಪ್ಯಾಕೆಟ್ಟನ್ನು ಗಾಡಿಗೆ ಹಾಕಿ ಮತ್ತೆ ಎತ್ತಿಕೊಂಡರು. "ಯಾರ ತಾವ್ಲೂ ಆಡ್ಬೇಡ ಅಂದವ್ಳೆ. ನೀನೂ ಆಡ್ಬೇಡ."

"ಏನಾಯ್ತಂತೆ?"

"ಅದೆಲ್ಲ ನಂಗೇನ್ ತಿಳೀತದೆ. ಅವ್ರವ್ರೇ ಡಾಕ್ಟರ್ ತಾವ್ ಹೋದ್ರು, ಬಂದ್ರು." ಅಷ್ಟರಲ್ಲಿ ಮಗ ಧನಂಜಯ ಅಕ್ಕಿಯ ಮೂಟೆ ಹೊತ್ತು ಬಂದ. ಯಾರಮ್ಮ ಇವರು ಎಂದು ಕೇಳಿದ. "ಯಾರೋ ನಮ್ ಕಡೆಯೋರಂತೆ," ಎಂದು ಹೇಳಿ ಚಿಕ್ಕತಾಯಮ್ಮ ಗಾಡಿ ತಳ್ಳಿಕೊಂಡು ಹೋದರು.

ಸ್ಕ್ಯಾನ್ ಕೋಣೆಯಲ್ಲಿ ನಮ್ಮೋರೇ ಎಂದವರು ಮಗನ ಮುಂದೆ ಗೊತ್ತಿಲ್ಲದವರಂತೆ ನಟಿಸಿದ್ದೇಕೆ? ಪೂರ್ಣಿಮಾ ಕಾರಿನಲ್ಲಿ ಕೂತು ಲೆಕ್ಕ ಹಾಕಿದಳು. ಇಬ್ಬರು ಹೆಣ್ಣುಮಕ್ಕಳು. ಅತ್ತೆಯ ಪ್ರಶ್ನೆ. ಹೆಣ್ಣೆಂದಾಗ ಶರ್ವಾಣಿ ಹೇಳಿದ ಆ ಒಂದು "ಓಕೆ". ಮೂರು ವಾರದಲ್ಲಿ ಮಗು ಇಲ್ಲ. ತಾನು ಹೇಳಿದ ಒಂದು ಪದ ಮತ್ತೆ ಒಂದು ಹೆಣ್ಣನ್ನು ಅಳಿಸಿತು ಎಂದು ಅವಳಿಗೆ ನಿಶ್ಚಯವಾಯಿತು. ಮೈಸೂರಿನಲ್ಲಾದರೂ ಹೇಳುತ್ತಿದ್ದವರು ಡಾಕ್ಟರು. ಇಲ್ಲಿ ಬಾಯಿಬಿಟ್ಟು ಹೇಳಿದವಳು ತಾನೇ.

ಅದೇ ವಾರ ಸೌಜನ್ಯ ಸಿಕ್ಕಳು. ಪೂರ್ಣಿಮಾ ಮತ್ತು ಅವಳು ಶನಿವಾರದ ಕನ್ನಡ ಕ್ಲಾಸಿನಲ್ಲಿ ಮಕ್ಕಳಿಗೆ ಒಂದೇ ಸರದಿಯಲ್ಲಿ ಪಾಠ ಹೇಳುತ್ತಿದ್ದರು. ಕ್ಲಾಸು ಮುಗಿಸಿ ಕುರ್ಚಿ ಜೋಡಿಸುವಾಗ ಸೌಜನ್ಯ ವಿಷಯ ತೆಗೆದಳು. ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಶಾಸನಸಭೆ ಕೂತಿದೆ, ಮಗು ಹೆಣ್ಣು ಅನ್ನುವ ಕಾರಣಕ್ಕೆ ಗರ್ಭಪಾತ ಮಾಡುವುದನ್ನು ತಡೆಯುವ ಮಸೂದೆಯೊಂದು ಸಮಿತಿಯ ಮುಂದೆ ಬಂದಿದೆ. ಡಾಕ್ಟರು ಮೊದಲು ಕಾರಣ ಕೇಳಿ ಬರೆದುಕೊಳ್ಳಬೇಕು, ತಪ್ಪಿದರೆ ಶಿಕ್ಷೆ. ಅದರ ಪರವಾಗಿ ಮಾತಾಡಲು ಜನ ಬೇಕು.

"ನಿಮ್ಮಷ್ಟು ಚೆನ್ನಾಗಿ ಯಾರಿಗ್ ಗೊತ್ತಿರತ್ತೆ ಹೇಳಿ," ಎಂದಳು ಸೌಜನ್ಯ. "ಇಲ್ಲಿಯವ್ರು ಹೇಳಿದ್ರೆ ರೇಸಿಸ್ಟ್ ಅಂತಾರೆ. ನಾವೇ ಹೇಳ್ಬೇಕು. ನಮ್ಮಕ್ಕಂಗೆ ಎರಡು ಸಲ ಮಾಡ್ಸಿದ್ರು, ಚನ್ನರಾಯಪಟ್ಟಣದಲ್ಲಿ. ಯಾರೂ ಕೇಳ್ಲಿಲ್ಲ."

ಅಕ್ಕನ ಮಾತು ಸುಳ್ಳಲ್ಲವೆಂದು ಪೂರ್ಣಿಮಾಳಿಗೆ ಅನ್ನಿಸಿತು. ಆದರೆ ಮರುದಿನ ಸೌಜನ್ಯ ಕಳಿಸಿದ ಈಮೇಲಿನಲ್ಲಿ ಪೂರ್ಣಿಮಾಳ ಹೆಸರಿನಲ್ಲಿ ಒಂದು ಹೇಳಿಕೆ ಆಗಲೇ ತಯಾರಾಗಿತ್ತು. ಒಳ್ಳೆಯ ಇಂಗ್ಲಿಷು, ಅವಳು ಎಂದೂ ಬಳಸದ ಇಂಗ್ಲಿಷು.

"ಇದನ್ನ ಯಾರು ಬರೆದಿದ್ದು?" ಎಂದು ಫೋನಿನಲ್ಲಿ ಕೇಳಿದಳು.

"ನಮ್ಮ ಗ್ರೂಪಿನವ್ರು. ಬೇಕಾದ್ರೆ ಚೇಂಜ್ ಮಾಡ್ಕೊಳ್ಳಿ."

"ಯಾವ ಗ್ರೂಪು?"

"ನಾಳೆ ವಿಡಿಯೋ ಕಾಲ್ ಇದೆ, ಬನ್ನಿ. ಎಲ್ಲಾರೂ ಒಳ್ಳೆಯವ್ರು."

ಆ ಕಾಲ್‌ನಲ್ಲಿ ಎಂಟು ಮುಖಗಳಿದ್ದವು. ಎರಡನೇ ಸಾಲಿನ ಒಂದು ಮುಖ ಪೂರ್ಣಿಮಾಳಿಗೆ ಪರಿಚಯದ್ದು. ಟೋಪಿ ಇರಲಿಲ್ಲ, ಅಷ್ಟೇ. ಕ್ಲಿನಿಕ್ಕಿನ ಎದುರು ಕಾರುಗಳ ಚಿತ್ರ ಹಿಡಿಯುತ್ತಿದ್ದ ಹೆಂಗಸು ಪೂರ್ಣಿಮಾಳನ್ನು ನೋಡಿ ಸ್ನೇಹದಿಂದ ಕೈ ಬೀಸಿದಳು. ಪೂರ್ಣಿಮಾ ತನ್ನ ಕ್ಯಾಮೆರಾ ಆರಿಸಿದಳು.

ಅವಳ ಗಂಡ ಅನಂತಪದ್ಮನಾಭ ಸಿಯಾಟಲ್ ನಗರದ ಫ್ರೀಮಾಂಟ್ ಬಡಾವಣೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಸಂಜೆ ಅವನು ಮನೆಗೆ ಬಂದಾಗ ಎಲ್ಲವನ್ನೂ ಹೇಳಿದಳು, ಶರ್ವಾಣಿಯ ಹೆಸರೊಂದನ್ನು ಬಿಟ್ಟು. ಮೈಸೂರಿನ ಕಥೆಯನ್ನೂ ಹೇಳಿದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅದನ್ನು ಹೇಳಿದ್ದು ಅದೇ ಮೊದಲು.

"ಆ ಜನಕ್ಕೆ ಹೆಣ್ಮಕ್ಕಳ ಮೇಲೆ ಪ್ರೀತಿ ಅಂದ್ಕೊಂಡ್ಯಾ?" ಎಂದ ಅವನು. "ಅವರಿಗೆ ಬೇಕಾಗಿರೋದು ಗರ್ಭಪಾತ ಅನ್ನೋದನ್ನೇ ನಿಲ್ಲಿಸೋದು. ಒಳಗೆ ಕಾಲಿಡೋಕೆ ಒಂದು ಬಾಗಿಲು ಬೇಕು, ಅದಕ್ಕೆ ನಾವು ಸಿಕ್ಕಿದೀವಿ."

"ಇರಬಹುದು. ಹಾಗಂತ ನಡೆಯೋದು ಸುಳ್ಳಾಗತ್ತಾ?"

"ಕಾನೂನು ಬಂದ ಮೇಲೆ ನಮ್ಮ ಕಡೆ ಹೆಂಗಸು ಯಾರೇ ಹೋದ್ರೂ ಡಾಕ್ಟರು ಮೊದಲು ಅವಳ ಮುಖ ನೋಡ್ತಾರೆ, ಆಮೇಲೆ ಹೊಟ್ಟೆ ನೋಡ್ತಾರೆ. ಕಷ್ಟ ಏನು ಅಂತ ಕೇಳಲ್ಲ, ಉದ್ದೇಶ ಏನು ಅಂತ ಕೇಳ್ತಾರೆ."

"ಮೈಸೂರಲ್ಲಿ ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದರಿಂದ ಏನಾಯ್ತು ನೋಡಿದೀನಿ."

ಅವಳು ಸೌಜನ್ಯ ಕಳಿಸಿದ ಬರಹವನ್ನು ಅಳಿಸಿ, ತಾನೇ ಕೂತು ಒಂದೂವರೆ ಪುಟ ಬರೆದಳು. ಮೈಸೂರಿನ ಡಾಕ್ಟರ ಎರಡು ಮಾತುಗಳ ಬಗ್ಗೆ ಬರೆದಳು. ತಾನು ಸುಮ್ಮನಿದ್ದುದನ್ನು ಬರೆದಳು. ಕೊನೆಯಲ್ಲಿ, ಇದು ದೂರದ ದೇಶದ ಕಥೆಯಲ್ಲ, ಕಳೆದ ತಿಂಗಳು ಇಸ್ಸಾಕ್ವಾದಿಂದ ಒಂದು ಕುಟುಂಬ ಬಂದಿತ್ತು, ಇಬ್ಬರು ಹೆಣ್ಣುಮಕ್ಕಳ ತಾಯಿ, ಜೊತೆಗೆ ಊರಿಂದ ಬಂದ ಅತ್ತೆ, ನಾನು ಹೆಣ್ಣೆಂದೆ, ಇಂದು ಆ ಮಗು ಇಲ್ಲ, ಎಂದು ಬರೆದಳು. ಹೆಸರು ಬರೆಯಲಿಲ್ಲವಲ್ಲ, ಅಷ್ಟು ಸಾಕೆಂದುಕೊಂಡಳು. ಶಾಸನಸಭೆಯ ವೆಬ್‌ಸೈಟಿನಲ್ಲಿ "ಪರ" ಎಂದು ಗುರುತು ಹಾಕಿ ಕಳಿಸಿದಳು. ಒಂದು ಪ್ರತಿ ಸೌಜನ್ಯಳಿಗೂ ಹೋಯಿತು.

ಸೌಜನ್ಯ ಅದನ್ನು ಎರಡು ವಾಟ್ಸಾಪ್ ಗುಂಪುಗಳಿಗೆ ಹಾಕಿದಳು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೆಂದು ಯಾರಿಗೂ ಗೊತ್ತಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಮನೆಯ ಕರೆಗಂಟೆ ಸದ್ದು ಮಾಡಿತು. ಅನಂತಪದ್ಮನಾಭ ಬಾಗಿಲು ತೆರೆದ. ಹೊರಗೆ ಶರ್ವಾಣಿ ಒಬ್ಬಳೇ ನಿಂತಿದ್ದಳು, ಕೈಯಲ್ಲೊಂದು ಬಿಳಿ ಲಕೋಟೆ.

"ಪೂರ್ಣಿಮಾ ಅವರ ಮನೆ ತಾನೇ? ಕನ್ನಡ ಕ್ಲಾಸಿನವ್ರು ಅಡ್ರೆಸ್ ಕೊಟ್ರು."

ಒಳಗೆ ಬಂದು ಕೋಟನ್ನೂ ತೆಗೆಯದೆ ಸೋಫಾದ ಅಂಚಿನಲ್ಲಿ ಕೂತಳು. ತುಂಬ ತೆಳ್ಳಗಾಗಿದ್ದಳು. ಅನಂತಪದ್ಮನಾಭ ಇಬ್ಬರ ಮುಖವನ್ನೂ ನೋಡಿ, ಕಾಫಿ ಮಾಡ್ತೀನಿ ಎಂದು ಅಡುಗೆಮನೆಗೆ ಹೋದ.

"ನನ್ನ ಬಗ್ಗೆ ಬರೆದಿದೀರಾ," ಎಂದಳು ಶರ್ವಾಣಿ.

ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು.

"ನಾನು ಯಾರ ಹೆಸರೂ ಹಾಕಿಲ್ಲ."

"ಇಸ್ಸಾಕ್ವಾದಲ್ಲಿ ಎರಡು ಹೆಣ್ಮಕ್ಕಳಿರೋ, ಅತ್ತೆ ಊರಿಂದ ಬಂದಿರೋ ಕನ್ನಡದವ್ರು ಎಷ್ಟು ಜನ ಇದಾರೆ? ನನಗೇ ನಾಲ್ಕು ಜನ ಫಾರ್ವರ್ಡ್ ಮಾಡಿದ್ರು. ಒಬ್ಬಳು, ಶರ್ವಾಣಿ ಆರ್ ಯು ಓಕೆ ಅಂತ ಕೇಳಿದ್ಲು. ಅವಳಿಗೆ ನಾನು ಪ್ರೆಗ್ನೆಂಟ್ ಅಂತಾನೇ ಗೊತ್ತಿರ್ಲಿಲ್ಲ."

ಲಕೋಟೆಯನ್ನು ಟೀಪಾಯಿಯ ಮೇಲಿಟ್ಟು ಮುಂದಕ್ಕೆ ತಳ್ಳಿದಳು. "ಓದಿ. ಬೇರೆಯವರಿಗಾದ್ರೆ ಅರ್ಥ ಆಗಲ್ಲ. ನಿಮಗೆ ಆಗತ್ತೆ."

"ಬೇಡ. ಅದು ನಿಮ್ಮ..."

"ಬೇಡ ಅನ್ನೋ ಹಾಗಿದ್ರೆ ಮೊದಲೇ ಅನ್ಬೇಕಿತ್ತು."

ಪೂರ್ಣಿಮಾ ಹಾಳೆಗಳನ್ನು ತೆಗೆದಳು. ಸಿಯಾಟಲ್‌ನ ಮಕ್ಕಳ ಹೃದಯತಜ್ಞರ ವರದಿ. ಹೃದಯದ ಎಡಭಾಗ ಬೆಳೆದೇ ಇರಲಿಲ್ಲ. ರಕ್ತನಾಳಗಳು ಹೊರಡಬೇಕಾದಲ್ಲಿಂದ ಹೊರಟಿರಲಿಲ್ಲ. ಶ್ವಾಸಕೋಶಕ್ಕೂ ಪೆಟ್ಟು ಬಿದ್ದಿತ್ತು. ಹುಟ್ಟಿದರೂ ಉಳಿಸುವ ದಾರಿ ಕಾಣುತ್ತಿಲ್ಲವೆಂದು ಇಬ್ಬರು ಡಾಕ್ಟರು ಬೇರೆಬೇರೆಯಾಗಿ ಬರೆದಿದ್ದರು. ಮೊದಲ ಪುಟದ ಮೇಲೆ, ರೋಗಿಯನ್ನು ಕಳಿಸಲು ಕಾರಣವೇನೆಂಬ ಸಾಲಿನಲ್ಲಿ, ಹದಿನಾರನೇ ವಾರದ ಸ್ಕ್ಯಾನಿನಲ್ಲಿ ನಾಲ್ಕು ಕೋಣೆಗಳ ಚಿತ್ರ ತೃಪ್ತಿಕರವಾಗಿಲ್ಲ, ಎಡಭಾಗ ಚಿಕ್ಕದಾಗಿರುವ ಅನುಮಾನ, ಎಂದಿತ್ತು. ಅದು ಅವಳದೇ ವಾಕ್ಯ. ಆ ಬುಧವಾರ ತನ್ನ ಬೆರಳುಗಳೇ ಬರೆದು ಕಳಿಸಿದ್ದು. ಆಮೇಲೆ ಅದು ಅವಳ ತಲೆಯಲ್ಲಿ ಉಳಿದಿರಲೇ ಇಲ್ಲ. ಅತ್ತೆಯ ಪ್ರಶ್ನೆ ಉಳಿದಿತ್ತು.

"ನೀವು ಅದನ್ನ ನೋಡಿದ್ದಕ್ಕೆ ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂದ್ಕೊಂಡಿದ್ದೆ," ಎಂದಳು ಶರ್ವಾಣಿ. "ಡಾಕ್ಟರೇ ಹೇಳಿದ್ರು, ಸ್ಕ್ಯಾನ್ ಮಾಡಿದವ್ರು ಸೂಕ್ಷ್ಮವಾಗಿ ನೋಡಿದಾರೆ, ಇಲ್ಲದಿದ್ರೆ ಇನ್ನೂ ತಡ ಆಗ್ತಿತ್ತು ಅಂತ."

ಪೂರ್ಣಿಮಾ ಹಾಳೆಗಳನ್ನು ಜೋಡಿಸಿ ಟೀಪಾಯಿಯ ಮೇಲಿಟ್ಟಳು.

"ನಮ್ಮತ್ತೆಗೆ ಗಂಡು ಬೇಕಿತ್ತು. ಹೌದು. ನಂಗೂ ಬೇಕಿತ್ತು ಅಂತಾನೇ ಇಟ್ಕೊಳ್ಳಿ. ನೀವು ಹೆಣ್ಣು ಅಂದಾಗ ಒಂದು ನಿಮಿಷ ಬೇಜಾರಾಯ್ತು. ಆಮೇಲೆ ಮನೆಗೆ ಹೋಗಿ ದೊಡ್ಡವಳ ಹಳೇ ಬಟ್ಟೆ ಡಬ್ಬ ಇಳಿಸಿದೆ. ಅದನ್ನೆಲ್ಲಾ ನಿಮಗೆ ಯಾಕೆ ಹೇಳ್ಬೇಕು ನಾನು? ಆದ್ರೆ ಈಗ ಎಲ್ಲಾರಿಗೂ ಹೇಳ್ಬೇಕಾಗಿದೆ. ನೆನ್ನೆ ನಮ್ಮತ್ತೆ ಧನಂಜಯನ್ನ ಕೇಳಿದ್ರು, ಆ ಸ್ಕ್ಯಾನ್ ಮಾಡಿದ ಹುಡುಗಿ ಹೇಳೋದು ನಿಜವಾ, ಹೆಣ್ಣು ಅಂತ ಗೊತ್ತಾಗಿ ನೀವೇ ತೆಗೆಸಿದ್ರಾ ಅಂತ. ಅವ್ರಿಗೆ ನಾವು ಹಾರ್ಟಿನ ವಿಷಯ ಸರಿಯಾಗಿ ಹೇಳಿರ್ಲಿಲ್ಲ, ನಿಲ್ಲಲಿಲ್ಲ ಅಂತ ಅಷ್ಟೇ ಹೇಳಿದ್ವಿ. ಈಗ ಅವ್ರು ನಮ್ಮ ಜೊತೆ ಊಟಕ್ಕೆ ಕೂರಲ್ಲ."

ಪೂರ್ಣಿಮಾ ಕ್ಷಮೆ ಕೇಳಿದಳು. ಎರಡು ಸಲ ಕೇಳಿದಳು. ಶರ್ವಾಣಿ ಹಾಳೆಗಳನ್ನು ಎಣಿಸಿ ನೋಡಿ ಲಕೋಟೆಗೆ ಹಾಕಿಕೊಂಡಳು. ಒಂದೂ ಬಿಟ್ಟುಹೋಗಿಲ್ಲವೆಂದು ಖಚಿತ ಮಾಡಿಕೊಳ್ಳುವಂತಿತ್ತು. ಕಾಫಿ ಬರುವ ಮೊದಲೇ ಎದ್ದು ಹೋದಳು.

ಸಮಿತಿಯ ಮುಂದೆ ಮಸೂದೆಯ ವಿಚಾರಣೆ ಮಂಗಳವಾರ ಬೆಳಿಗ್ಗೆ ಇತ್ತು. ಹೇಳಿಕೆಯನ್ನು ತೆಗೆದುಹಾಕಿ ಎಂದು ಪೂರ್ಣಿಮಾ ಸಮಿತಿಯ ಕಚೇರಿಗೆ ಬರೆದಳು. ಒಮ್ಮೆ ದಾಖಲೆಗೆ ಸೇರಿದ್ದನ್ನು ತೆಗೆಯಲಾಗುವುದಿಲ್ಲ, ಬೇಕಿದ್ದರೆ ಇನ್ನೊಂದನ್ನು ಸೇರಿಸಬಹುದು ಎಂದು ಉತ್ತರ ಬಂತು. ಸೌಜನ್ಯಳಿಗೆ ಫೋನ್ ಮಾಡಿದಳು.

"ಡಿಲೀಟ್ ಮಾಡ್ತೀನಿ," ಎಂದಳು ಸೌಜನ್ಯ. ಸ್ವಲ್ಪ ತಡೆದು, "ಆದ್ರೆ ಪೂರ್ಣಿಮಾ, ಪೇಪರ್ ತೋರಿಸಿದ್ರು ಅಂದ್ರೆ ಅದೇ ನಿಜ ಅಂತ ಹೇಗೆ ಗೊತ್ತು?" ಎಂದು ಕೇಳಿದಳು.

"ಆ ಪೇಪರಿನಲ್ಲಿರೋ ಮೊದಲನೇ ಸಾಲು ನಾನೇ ಬರೆದಿದ್ದು," ಎಂದು ಹೇಳಿ ಪೂರ್ಣಿಮಾ ಫೋನ್ ಇಟ್ಟಳು.

"ವಿಚಾರಣೆಗೆ ಹೋಗಬೇಡ, ಸುಮ್ಮನಿರು," ಎಂದ ಅನಂತಪದ್ಮನಾಭ. "ಹೋದಷ್ಟೂ ಕೆದಕ್ತಾರೆ."

"ನಾನು ಸುಮ್ಮನಿದ್ರೆ ಆ ಬರಹ ಒಂದೇ ಅಲ್ಲಿ ಮಾತಾಡತ್ತೆ."

ಮಂಗಳವಾರ ಅವಳು ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಫೋನಿನಲ್ಲಿ ವಿಚಾರಣೆಗೆ ಸೇರಿಕೊಂಡಳು. ಮಳೆ ಹನಿಯುತ್ತಿತ್ತು, ಎದುರಿನ ಫುಟ್‌ಪಾತು ಖಾಲಿಯಿತ್ತು. ನೀಲಿ ಟೋಪಿಯ ಹೆಂಗಸು ಒಲಿಂಪಿಯಾಕ್ಕೇ ಹೋಗಿದ್ದಳು, ಸಭಾಂಗಣದ ಹಿಂದಿನ ಸಾಲಿನಲ್ಲಿ ಕಾಣುತ್ತಿದ್ದಳು. ಒಬ್ಬೊಬ್ಬರಿಗೆ ಒಂದೇ ನಿಮಿಷ. ಹೆಸರು ಕರೆದಾಗ ಪೂರ್ಣಿಮಾ ಬರೆದುಕೊಂಡದ್ದನ್ನು ಇಂಗ್ಲಿಷಿನಲ್ಲಿ ಓದಿದಳು. ಮೈಸೂರಿನ ಬಗ್ಗೆ ತಾನು ಹೇಳಿದ್ದು ಸತ್ಯ, ಆದರೆ ಕೊನೆಯಲ್ಲಿ ಬರೆದ ಕುಟುಂಬದ ವಿಷಯ ತಪ್ಪು, ಆ ತಾಯಿಯ ಮೇಲೆ ತಾನು ಅನ್ಯಾಯವಾಗಿ ಅನುಮಾನಪಟ್ಟೆ, ಹೇಳಿಕೆಯ ಆ ಭಾಗವನ್ನು ಸಮಿತಿ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದಳು.

ಸಮಿತಿಯ ಸದಸ್ಯರೊಬ್ಬರು ಪ್ರಶ್ನೆ ಕೇಳಲು ಅನುಮತಿ ಪಡೆದರು. ವಯಸ್ಸಾದ, ಮೆದು ಮಾತಿನ ಮನುಷ್ಯ.

ಮಗು ಹೆಣ್ಣೆಂದು ನೀವು ತಿಳಿಸಿದ್ದು ನಿಜವೇ, ಎಂದು ಕೇಳಿದರು.

ಆ ಕುಟುಂಬದ ಬಗ್ಗೆ ಇನ್ನೇನೂ ಹೇಳುವ ಹಕ್ಕು ನನಗಿಲ್ಲ, ಎಂದಳು.

ಆದರೆ ಈಗಾಗಲೇ ಹೇಳಿದ್ದೀರಿ, ನನ್ನ ಮುಂದೆ ಇದೆ, ಎಂದು ಅವರು ಹಾಳೆಯನ್ನು ಎತ್ತಿ ತೋರಿಸಿದರು. ನೀವು ನೋಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೀರೋ, ಅಥವಾ ಅದನ್ನು ಹೇಳಿದ್ದನ್ನು ಮಾತ್ರವೋ?

ನೋಡಿದ್ದರ ಅರ್ಥ ತಪ್ಪಾಗಿತ್ತು.

ಹಾಗಾದರೆ ಗರ್ಭಪಾತದ ನಿಜವಾದ ಕಾರಣ ನಿಮಗೆ ಗೊತ್ತು?

ಗೊತ್ತು.

ಏನದು?

ಪೂರ್ಣಿಮಾಳ ಬಾಯಿಯಲ್ಲಿ ಉತ್ತರವಿತ್ತು. ಹೃದಯ ಎಂಬ ಒಂದು ಪದ ಹೇಳಿದರೆ ಸಾಕು, ಎಲ್ಲರ ಅನುಮಾನವೂ ನಿಲ್ಲುತ್ತಿತ್ತು. ಆದರೆ ಹಾಳೆಗಳನ್ನು ಎಣಿಸಿ ಲಕೋಟೆಗೆ ಹಾಕಿಕೊಂಡ ಶರ್ವಾಣಿಯ ಬೆರಳುಗಳು ಕಣ್ಣ ಮುಂದೆ ಬಂದವು. ಅದನ್ನು ಹೇಳಬೇಕಾದವಳು ನಾನಲ್ಲ, ಎಂದಳು.

ಥ್ಯಾಂಕ್ ಯೂ, ಅಷ್ಟೇ, ಎಂದರು ಸದಸ್ಯರು. ಅವರು ಪಕ್ಕದವರ ಕಡೆ ಒಮ್ಮೆ ನೋಡಿದ್ದು ಫೋನಿನ ಚಿಕ್ಕ ತೆರೆಯಲ್ಲೂ ಕಂಡಿತು. ಈ ಹೆಂಗಸನ್ನು ಯಾರೋ ಹೆದರಿಸಿದ್ದಾರೆ ಎಂದು ಅವರು ತೀರ್ಮಾನಿಸಿದ ಹಾಗಿತ್ತು. ಅಧ್ಯಕ್ಷೆ ಮುಂದಿನ ಹೆಸರು ಕರೆದರು.

ಪೂರ್ಣಿಮಾ ಕಾರಿನಲ್ಲೇ ಸ್ವಲ್ಪ ಹೊತ್ತು ಕೂತಳು. ಒಂದು ಸುಳ್ಳನ್ನು ಅಳಿಸಲು ಹೋಗಿ ಅದಕ್ಕೆ ಇನ್ನಷ್ಟು ಬಲ ಕೊಟ್ಟೆನೋ ಏನೋ ಎಂದು ಅವಳಿಗೆ ಅನ್ನಿಸಿತು. ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಸಂದೇಶ ಬಂತು. "ನೋಡಿದೆ. ಕಾರಣ ಹೇಳದೆ ಇದ್ದಿದ್ದು ಸರಿ. ಶರ್ವಾಣಿ." ಅದನ್ನು ನಾಲ್ಕೈದು ಸಲ ಓದಿದಳು. ಅದರಲ್ಲಿ ಕೋಪ ಎಷ್ಟು, ಸಮಾಧಾನ ಎಷ್ಟು ಎಂದು ತಿಳಿಯಲಿಲ್ಲ.

ಕಾರಿನಿಂದ ಇಳಿದವಳು ಸೀದಾ ಮ್ಯಾನೇಜರ್ ಕೋಣೆಗೆ ಹೋದಳು. ಒಬ್ಬ ರೋಗಿಯನ್ನು ಗುರುತಿಸಬಹುದಾದ ಹಾಗೆ ಬರೆದು ಹೊರಗೆ ಕಳಿಸಿದ್ದೇನೆ, ಎಂದಳು. ಮ್ಯಾನೇಜರ್ ಬಾಗಿಲು ಮುಚ್ಚಿ, ಇದನ್ನು ನಾನು ದಾಖಲು ಮಾಡಲೇಬೇಕಾಗುತ್ತದೆ, ಗೊತ್ತಲ್ಲ, ಎಂದಳು. ಮಾಡಿ, ಎಂದಳು ಪೂರ್ಣಿಮಾ.

ಐದು ವಾರ ಅವಳನ್ನು ಕೆಲಸದಿಂದ ದೂರವಿಟ್ಟು ವಿಚಾರಿಸಿದರು. ಅವಳು ಆರು ವರ್ಷದಲ್ಲಿ ತೆರೆದ ಫೈಲುಗಳನ್ನೆಲ್ಲ ಒಂದೊಂದಾಗಿ ನೋಡಿದರು. ಕೆಲಸವಿಲ್ಲದೆ ತೆರೆದದ್ದು ಒಂದೂ ಸಿಗಲಿಲ್ಲ. ಶರ್ವಾಣಿಯ ಮನೆಯವರನ್ನೂ ಕೇಳಿದರು, ಅವರು ದೂರು ಕೊಡುವುದಿಲ್ಲ ಎಂದರಂತೆ. ಲಿಖಿತ ಎಚ್ಚರಿಕೆಯ ಜೊತೆ ಪೂರ್ಣಿಮಾಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಸಹೋದ್ಯೋಗಿಗಳು ಮೊದಲಿನಂತೆಯೇ ನಗುತ್ತಿದ್ದರು. ಆದರೆ ಅವಳು ಊಟದ ಕೋಣೆಗೆ ಬಂದರೆ ರೋಗಿಗಳ ಮಾತು ನಿಂತು ಹವೆಯ ಮಾತು ಶುರುವಾಗುತ್ತಿತ್ತು. ಅಷ್ಟರಲ್ಲಿ ಮಸೂದೆಯೂ ಸಮಿತಿಯಲ್ಲೇ ಉಳಿದುಹೋಯಿತು, ಮತಕ್ಕೆ ಬರಲಿಲ್ಲ. ಮುಂದಿನ ವರ್ಷ ಮತ್ತೆ ತರುತ್ತಾರೆ ಎಂದು ಸೌಜನ್ಯ ಗುಂಪಿನಲ್ಲಿ ಬರೆದಳು. ಶನಿವಾರದ ಕ್ಲಾಸಿನಲ್ಲಿ ಅವರಿಬ್ಬರ ಸರದಿ ಒಟ್ಟಿಗೆ ಬರದ ಹಾಗೆ ಯಾರೋ ಬದಲಾಯಿಸಿದ್ದರು.

ಏಪ್ರಿಲಿನಲ್ಲಿ ಒಂದು ದಿನ ಬಾಥೆಲ್‌ನ ಲೈಬ್ರರಿಯಲ್ಲಿ ಮಕ್ಕಳ ಚಿತ್ರಕಲೆಯ ಪ್ರದರ್ಶನವಿತ್ತು. ಕನ್ನಡ ಕ್ಲಾಸಿನ ಮಕ್ಕಳ ಚಿತ್ರಗಳೂ ಇದ್ದವು. ಪೂರ್ಣಿಮಾ ಅವುಗಳನ್ನು ನೋಡುತ್ತ ನಿಂತಿದ್ದಾಗ, ಇಬ್ಬರು ಹುಡುಗಿಯರ ಕೈ ಹಿಡಿದುಕೊಂಡು ಶರ್ವಾಣಿ ಬಂದಳು. ದೊಡ್ಡವಳಿಗೆ ಎಂಟು ವರ್ಷವಿರಬೇಕು. ಚಿತ್ರಗಳ ಕಡೆ ಓಡಿದವಳು ಪೂರ್ಣಿಮಾಳ ಪಕ್ಕದಲ್ಲೇ ನಿಂತಳು.

ಶರ್ವಾಣಿ ಹತ್ತಿರ ಬಂದಳು. "ಕೆಲಸಕ್ಕೆ ವಾಪಸ್ ಹೋದ್ರಂತೆ."

"ಹೂಂ, ಎರಡು ವಾರ ಆಯ್ತು. ನೀವು ಹೇಗಿದೀರಾ? ಅತ್ತೆ?"

"ಊರಿಗೆ ಹೋದ್ರು. ಟಿಕೆಟ್ ಇದ್ದಿದ್ದಕ್ಕಿಂತ ಎರಡು ತಿಂಗಳು ಮುಂಚೇನೇ." ಶರ್ವಾಣಿ ಮಗಳ ಜಡೆಯನ್ನು ಸರಿಮಾಡಿದಳು. "ಧನಂಜಯ ಅವ್ರಮ್ಮಂಗೆ ರಿಪೋರ್ಟು ಕನ್ನಡದಲ್ಲಿ ಓದಿ ಹೇಳಿದ್ರು. ಹೂಂ ಅಂದ್ರು. ನಂಬಿದ್ರೋ ಇಲ್ವೋ ನಂಗೊತ್ತಿಲ್ಲ."

"ನಾನು ಒಂದ್ಸಲ ಅವರ ಹತ್ರ ಫೋನಲ್ಲಿ ಮಾತಾಡ್ಲಾ? ಏನಾಯ್ತು ಅಂತ ನಾನೇ ಹೇಳ್ತೀನಿ."

ಶರ್ವಾಣಿ ಅವಳನ್ನು ಅನುಮಾನದಿಂದ ಅಳೆಯುವಂತೆ ನೋಡಿದಳು. ಸ್ಕ್ಯಾನ್ ಕೋಣೆಯಲ್ಲಿ ತಾನು ಶರ್ವಾಣಿಯನ್ನು ಹಾಗೆಯೇ ನೋಡಿದ್ದಿರಬೇಕು ಎಂದು ಪೂರ್ಣಿಮಾಳಿಗೆ ಅನ್ನಿಸಿತು.

"ಬೇಡ," ಎಂದಳು ಶರ್ವಾಣಿ. "ನೀವು ಇನ್ನು ಯಾರಿಗೂ ಏನೂ ಹೇಳ್ಬೇಡಿ."

ಚಿಕ್ಕವಳು ಹಸಿವೆಂದು ಇಂಗ್ಲಿಷಿನಲ್ಲಿ ರಾಗ ತೆಗೆದಳು. ಶರ್ವಾಣಿ ಇಬ್ಬರನ್ನೂ ಕರೆದುಕೊಂಡು ಹೊರಗೆ ಹೋದಳು. ಬಾಗಿಲ ಬಳಿ ದೊಡ್ಡ ಹುಡುಗಿ ತಿರುಗಿ ಪೂರ್ಣಿಮಾಳಿಗೆ ಬೈ ಎಂದು ಕೈ ಮಾಡಿದಳು. ಪೂರ್ಣಿಮಾ ಕೈ ಎತ್ತಿದಳು, ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.